ಶಂಖಪ್ರಕ್ಷಾಲನವೋ, ಲಘುವೋ, ಎನಿಮಾವೋ?

ಬದಿಯಡ್ಕದ ಹತ್ತಿರ ತೋಟದ ಮನೆ ನಮ್ಮದು. ಮಲಬದ್ಧತೆಯಿಂದ ತುಂಬಾ ವರ್ಷ ಕಷ್ಟಪಟ್ಟಿದ್ದೇನೆ. ಹಾಗಾಗಿ ಹೊಟ್ಟೆ ತೊಳೆಯುವ ಮೂರು ವಿಧಾನಗಳನ್ನೂ ಮಾಡಿ ನೋಡಿದೆ: ಉಪ್ಪುನೀರು ಕುಡಿದು ಆಸನ ಮಾಡಿ ಕರುಳನ್ನು ಪೂರ್ತಿ ತೊಳೆಯುವ ಶಂಖಪ್ರಕ್ಷಾಲನ, ಅದರದೇ ಚಿಕ್ಕ ರೂಪವಾದ ಲಘು, ಗುದದ್ವಾರದಿಂದ ನೀರು ಏರಿಸುವ ಎನಿಮಾ. ಈಗ ಉಳಿಸಿಕೊಂಡದ್ದು ಲಘು ಮಾತ್ರ.

ಪೂರ್ಣ ಶಂಖಪ್ರಕ್ಷಾಲನ ಮಾಡಿದ್ದು ಒಂದು ಯೋಗ ಶಿಬಿರದಲ್ಲಿ. ಲೀಟರ್ ಬಿಸಿನೀರಿಗೆ ಎರಡು ಚಿಕ್ಕ ಚಮಚ ಉಪ್ಪು. ಎರಡು ಲೋಟ ಗಟಗಟ ಕುಡಿಯಬೇಕು. ಆಮೇಲೆ ತಾಡಾಸನ, ತಿರ್ಯಕ್ ತಾಡಾಸನ, ಕಟಿಚಕ್ರಾಸನ, ತಿರ್ಯಕ್ ಭುಜಂಗಾಸನ, ಉದರಾಕರ್ಷಣಾಸನ, ಒಂದೊಂದೂ 8 ಸಲ. ಮತ್ತೆ ಎರಡು ಲೋಟ. ಉಪ್ಪಿರುವುದರಿಂದ ನೀರು ಮೈಗೆ ಹೀರಿಕೊಳ್ಳದೆ ಕೆಳಗೆ ಇಳಿಯುತ್ತದೆ. ಮೊದಲು ಗಟ್ಟಿ, ಆಮೇಲೆ ತೆಳು, ಆಮೇಲೆ ಹಳದಿ ನೀರು. ಹದಿನಾರನೇ ಲೋಟ ಮುಗಿಯುವಾಗ ಗುಡ್ಡ ಕೊರೆದು ತೆಗೆದ ನಮ್ಮ ಸುರಂಗದ ನೀರಿನಷ್ಟೇ ತಿಳಿ! ಮೈ ಹತ್ತಿಯಂತೆ ಹಗುರ. ಮುಕ್ಕಾಲು ಗಂಟೆ ನಿದ್ದೆ ಮಾಡದೆ ಸುಮ್ನೆ ಮಲಗಿ, ತುಪ್ಪ ಸುರಿದ ಹೆಸರುಬೇಳೆ ಕಿಚಡಿ ತಿಂದೆವು.

ಕಷ್ಟ ಇರುವುದು ಆಮೇಲಿನ ಪಥ್ಯದಲ್ಲಿ. ಹಾಲು, ಮಜ್ಜಿಗೆ, ಹುಳಿ, ಖಾರ ಯಾವುದೂ ಇಲ್ಲ. ಮೂರನೇ ದಿನ ಮಿಡಿ ಉಪ್ಪಿನಕಾಯಿ ಕಚ್ಚಿದೆ. ರಾತ್ರಿಯಿಡೀ ಹೊಟ್ಟೆ ಉರಿ. ಗುರುಗಳು ಪಕ್ಕದಲ್ಲಿಲ್ಲದೆ ಇದನ್ನು ಮಾಡಲೇಬೇಡಿ.

ಎನಿಮಾ ಸುಲಭ, ಹತ್ತು ನಿಮಿಷದ ಕೆಲಸ. ಆದರೆ ತೊಳೆಯುವುದು ದೊಡ್ಡ ಕರುಳನ್ನು ಮಾತ್ರ. ವಾರಕ್ಕೆರಡು ಸಲ ತೆಗೆದುಕೊಳ್ಳುತ್ತಾ ಹೋದೆ, ಕೊನೆಗೆ ಅದಿಲ್ಲದೆ ಹೊಟ್ಟೆ ಹೋಗುವುದೇ ನಿಂತಿತು. ಬಿಡಿಸಿಕೊಳ್ಳಲು ಎರಡು ತಿಂಗಳು ಬೇಕಾಯಿತು. ಹಳೆಯ ಯೋಗಗ್ರಂಥ ಹಠಯೋಗ ಪ್ರದೀಪಿಕೆಯ ಜಲಬಸ್ತಿ ಬೇರೆಯೇ. ಹೊಕ್ಕುಳ ಮಟ್ಟದ ನೀರಿನಲ್ಲಿ ಕುಕ್ಕರಗಾಲಲ್ಲಿ ಕೂತು, ಗುದದ್ವಾರಕ್ಕಿಟ್ಟ ಕೊಳವೆಯ ಮೂಲಕ ನೀರನ್ನು ಒಳಗೆ ಎಳೆದುಕೊಳ್ಳಬೇಕು. ಅದಕ್ಕೆ ಹೊಟ್ಟೆಯ ಸ್ನಾಯುಗಳನ್ನು ಸುತ್ತಿಸುವ ನೌಲಿ ಚೆನ್ನಾಗಿ ಬರಬೇಕು, ನನಗೆ ಬರುವುದಿಲ್ಲ.

ಲಘುವಿನಲ್ಲಿ ಅದೇ ಉಪ್ಪುನೀರು, ಅದೇ ಐದು ಆಸನ. ಆದರೆ ಎರಡೆರಡು ಲೋಟದಂತೆ ಮೂರು ಸುತ್ತು, ಒಟ್ಟು ಆರೇ ಲೋಟ. ಖಾಲಿ ಹೊಟ್ಟೆಯಲ್ಲಿ ಬೆಳಿಗ್ಗೆ ಮುಗಿಸಿ ಒಂದು ಗಂಟೆ ಬಿಟ್ಟು ಗಂಜಿ ಉಣ್ಣುತ್ತೇನೆ. ಕಠಿಣ ಪಥ್ಯ ಇಲ್ಲ, ತೋಟದ ಕೆಲಸಕ್ಕೂ ತೊಂದರೆ ಇಲ್ಲ. ತಿಂಗಳಿಗೊಮ್ಮೆ ಸಾಕು.

ಮೊನ್ನೆ ಭಾವನೂ ಮಾಡುತ್ತೇನೆಂದು ಹೊರಟರು. ಅವರಿಗೆ ಬಿಪಿ. "ಬೇಡ ಭಾವ, ಆರು ಲೋಟ ಅಂದರೆ ಮೂರು ಚಮಚ ಉಪ್ಪು ಹೊಟ್ಟೆಗೆ ಹೋಯಿತಲ್ವಾ" ಎಂದೆ. ಹೃದಯ, ಕಿಡ್ನಿ ತೊಂದರೆ, ಹೊಟ್ಟೆಹುಣ್ಣು ಇದ್ದವರಿಗೂ ಬಸುರಿಯರಿಗೂ ಇದು ಆಗದು. ಭಾವ ಈಗ ಬೆಳಿಗ್ಗೆ ಎರಡು ಲೋಟ ಬರೀ ಬಿಸಿನೀರು ಕುಡಿದು, ಹಿತ್ತಿಲ ಬಸಳೆ, ಪಪ್ಪಾಯಿ ಜಾಸ್ತಿ ತಿನ್ನುತ್ತಿದ್ದಾರೆ.