ಕೊಳ್ಳುವ ಮುನ್ನ ಆಡಿ ನೋಡುವ ಸೌಲಭ್ಯ: ಸ್ಟೀಮ್‌ನ ಡೆಮೊ ಮತ್ತು ರಿಫಂಡ್, ಕಲಬುರಗಿಯ ಬಳಕೆದಾರನ ಲೆಕ್ಕದಲ್ಲಿ

ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಗೇಮ್ ಕೊಳ್ಳುವ ಮುನ್ನ ಆಡಿ ನೋಡಲು ಏನೇನು ದಾರಿಗಳಿವೆಯೋ ಅವೆಲ್ಲವನ್ನೂ ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಗೇಮ್‌ನ ಒಂದು ಭಾಗವನ್ನು ಪುಕ್ಕಟೆ ಆಡಿಸುವ ಡೆಮೊ, ವಾರಾಂತ್ಯದ ಉಚಿತ ಆಟ, ಡೆಮೊಗಳ ಹಬ್ಬವಾದ ನೆಕ್ಸ್ಟ್ ಫೆಸ್ಟ್, ಕೊನೆಗೆ ಹಣ ಕೊಟ್ಟು ಕೊಂಡು ಇಷ್ಟವಾಗದಿದ್ದರೆ ಹಿಂತಿರುಗಿಸುವ ರಿಫಂಡ್. ಇವುಗಳಲ್ಲಿ ನನ್ನ ಹಣ ಉಳಿಸಿದ್ದು ರಿಫಂಡ್, ಖುಷಿ ಕೊಟ್ಟದ್ದು ಡೆಮೊ. ಎರಡೂ ಒಂದೇ ಕೆಲಸ ಮಾಡುತ್ತವೆ ಎಂದು ತಿಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ಮಾಡುವುದಿಲ್ಲ.

ನಮ್ಮ ಎಪಿಎಂಸಿಯಲ್ಲಿ ತೊಗರಿ ಕೊಳ್ಳುವವನು ಚೀಲದ ಬಾಯಲ್ಲಿ ಕಾಣುವ ಕಾಳು ನೋಡಿ ದರ ಹೇಳುವುದಿಲ್ಲ. ಮೊಣಕೈವರೆಗೂ ಕೈ ಇಳಿಸಿ ಒಂದು ಹಿಡಿ ತೆಗೆಯುತ್ತಾನೆ. ಡೆಮೊ ಎಂದರೆ ಚೀಲದ ಬಾಯಿ. ಗೇಮ್ ಮಾಡಿದವರು ತಾವೇ ಆರಿಸಿ, ಒರೆಸಿ, ಮೇಲಿಟ್ಟ ಭಾಗ ಅದು. ರಿಫಂಡ್ ನಿಯಮ ಮಾತ್ರ ಒಳಗೆ ಕೈ ಹಾಕಲು ಬಿಡುತ್ತದೆ. ಸ್ಟೀಮ್ ನಡೆಸುವ ವಾಲ್ವ್ ಕಂಪನಿ 2015ರ ಜೂನ್‌ನಲ್ಲಿ ಇದನ್ನು ಜಾರಿಗೆ ತಂದಿತು: ಕೊಂಡ 14 ದಿನಗಳ ಒಳಗೆ, ಆಡಿದ ಸಮಯ 2 ಗಂಟೆಗಿಂತ ಕಡಿಮೆ ಇದ್ದರೆ, ಕಾರಣ ಏನೇ ಇರಲಿ ಹಣ ವಾಪಸ್.

ನನ್ನ ಕಂಪ್ಯೂಟರಿಗೆ ವಯಸ್ಸಾಗಿದೆ. ಗ್ರಾಫಿಕ್ಸ್ ಕಾರ್ಡ್ ಹಳೆಯದು. ಸೇಡಂ ರಸ್ತೆಯ ಕಡೆಗಿರುವ ನಮ್ಮ ಮನೆಯಲ್ಲಿ ಅದು ಮಹಡಿಯ ಕೋಣೆಯಲ್ಲಿ, ಕಾದ ಆರ್‌ಸಿಸಿ ಛಾವಣಿಯ ಕೆಳಗೆ ಇದೆ. ಹೀಗಾಗಿ ಗೇಮ್ ಚೆನ್ನಾಗಿದೆಯೇ ಎನ್ನುವುದಕ್ಕಿಂತ ಮೊದಲು ನಾನು ಕೇಳುವುದು, ನನ್ನ ಯಂತ್ರದಲ್ಲಿ ಅದು ಓಡುತ್ತದೆಯೇ ಎಂದು. ಬೆಂಗಳೂರಿನ ಎಸಿ ಕೋಣೆಯಲ್ಲಿ ಹೊಸ ಕಾರ್ಡ್ ಹಾಕಿಕೊಂಡು ಕುಳಿತವರ ವಿಡಿಯೊ ವಿಮರ್ಶೆ ನೋಡಿ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅಂಗಡಿ ಪುಟದಲ್ಲಿ ಬರೆದಿರುವ 'ಕನಿಷ್ಠ ಅಗತ್ಯ' ಪಟ್ಟಿಯನ್ನು ನಾನು ನಂಬುವುದು ಬಿಟ್ಟು ಬಹಳ ಕಾಲವಾಯಿತು.

ಹಾಗಾಗಿ ನನ್ನ 2 ಗಂಟೆ ಕಥೆಗೆ ಖರ್ಚಾಗುವುದಿಲ್ಲ. ಗೇಮ್ ತೆರೆದ ಕೂಡಲೇ ಆರಂಭದ ಚಿತ್ರಪ್ರದರ್ಶನವನ್ನೆಲ್ಲ ದಾಟಿಸುತ್ತೇನೆ. ಗ್ರಾಫಿಕ್ಸ್ ಮಟ್ಟವನ್ನು ಮಧ್ಯಮಕ್ಕೆ ಇಳಿಸಿ, ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಎಂದು ಹೇಳುವ ಫ್ರೇಮ್ ಎಣಿಕೆಯನ್ನು ಪರದೆಯ ಮೂಲೆಯಲ್ಲಿ ತೆರೆದಿಟ್ಟು, ಜನಸಂದಣಿ ಇರುವ ಊರು, ಮಳೆ, ಬೆಂಕಿ, ಹೊಗೆ ಎಲ್ಲಿದೆಯೋ ಅಲ್ಲಿಗೆ ನೇರ ಹೋಗುತ್ತೇನೆ. ಖಾಲಿ ಗುಹೆಯಲ್ಲಿ ಎಲ್ಲ ಗೇಮ್‌ಗಳೂ ಬೆಣ್ಣೆಯೇ. ಆಮೇಲೆ ಟಿವಿಗೆ ಜೋಡಿಸಿ ದಿವಾನದ ಮೇಲೆ ಕುಳಿತು ಕೆಳಗೆ ಬರುವ ಸಂಭಾಷಣೆಯ ಅಕ್ಷರ ಓದಲು ಬರುತ್ತದೆಯೇ ನೋಡುತ್ತೇನೆ. ಈ ಅಕ್ಷರದ ಗಾತ್ರದ ವಿಚಾರವನ್ನು ಯಾವ ವಿಮರ್ಶಕನೂ ಎತ್ತುವುದಿಲ್ಲ. ನಾನು ಹಿಂತಿರುಗಿಸಿದ ಗೇಮ್‌ಗಳಲ್ಲಿ ಕೆಲವು ಇದೊಂದೇ ಕಾರಣಕ್ಕೆ ಹೋಗಿವೆ.

ಈ ಗಡಿಯಾರದಲ್ಲಿ ಒಂದು ತೊಂದರೆ ಇದೆ. ಅದು ನೀವು ಆಡಿದ ಸಮಯವನ್ನಲ್ಲ, ಗೇಮ್ ತೆರೆದಿದ್ದ ಸಮಯವನ್ನು ಎಣಿಸುತ್ತದೆ. ಈಚಿನ ದೊಡ್ಡ ಗೇಮ್‌ಗಳು ಮೊದಲ ಬಾರಿ ತೆರೆದಾಗ 'ಷೇಡರ್ (ಬೆಳಕು, ನೆರಳು ಮೂಡಿಸುವ ಸಣ್ಣ ಪ್ರೋಗ್ರಾಂ) ಸಿದ್ಧವಾಗುತ್ತಿದೆ' ಎಂದು ಹೇಳಿ ಕೂರಿಸುತ್ತವೆ. ಹಳೆಯ ಪ್ರೊಸೆಸರ್ ಆದರೆ ಅದು ಮುಗಿಯುವಷ್ಟರಲ್ಲಿ ಕೆಳಗೆ ಹೋಗಿ ಚಹಾ ಕುಡಿದು ಬರಬಹುದು, ಆ ಚಹಾದ ಸಮಯವೂ ಲೆಕ್ಕಕ್ಕೆ ಸೇರುತ್ತದೆ. ಹೊಸ ಯಂತ್ರದವನಿಗೆ ಹೆಚ್ಚು ಸಮಯ, ಹಳೆಯ ಯಂತ್ರದವನಿಗೆ ಕಡಿಮೆ. ಪರೀಕ್ಷೆ ಹೆಚ್ಚು ಬೇಕಾದವನಿಗೇ ಕಡಿಮೆ ಸಿಗುತ್ತದೆ ಎಂಬುದು ಈ ನಿಯಮದ ಬಗ್ಗೆ ನನ್ನ ದೊಡ್ಡ ತಕರಾರು. ಬಿಡುಗಡೆಗೆ ಮುನ್ನವೇ ಆಡಲು ಬಿಡುವ ದುಬಾರಿ ಆವೃತ್ತಿಗಳಲ್ಲಿ ಆಡಿದ ಸಮಯ ಮೊದಲು ಲೆಕ್ಕಕ್ಕೆ ಬರುತ್ತಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ಆ ಕಿಂಡಿಯನ್ನೂ ಮುಚ್ಚಿದರು. ಅದು ನ್ಯಾಯವೇ.

14 ದಿನದ ಗಡುವು ಡೌನ್‌ಲೋಡ್ ಮುಗಿದ ದಿನದಿಂದಲ್ಲ, ಕೊಂಡ ದಿನದಿಂದ ಶುರುವಾಗುತ್ತದೆ. ಫೈಬರ್ ಇಂಟರ್ನೆಟ್ ಇರುವ ಮನೆಗೆ ಇದು ಮಾತೇ ಅಲ್ಲ. ಆದರೆ ಆಳಂದದ ಕಡೆಯ ಹಳ್ಳಿಯಲ್ಲಿರುವ ನನ್ನ ಗೆಳೆಯ ಮೊಬೈಲಿನ ದಿನದ ಡೇಟಾದಲ್ಲಿ ನೂರು ಜಿಬಿಯ ಗೇಮ್ ಇಳಿಸಲು ಕುಳಿತರೆ ಗಡುವು ಮುಗಿದರೂ ಗೇಮ್ ಬಂದಿರುವುದಿಲ್ಲ. ಅವನು ಈಗ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೇ ಬರುತ್ತಾನೆ. ರಾತ್ರಿಯಿಡೀ ಡೌನ್‌ಲೋಡ್, ಬೆಳಗ್ಗೆ ನಮ್ಮವ್ವ ಮಾಡಿದ ರೊಟ್ಟಿ ತಿಂದು ವಾಪಸ್.

ಇನ್ನು ಬಿಸಿಲು. ನಮ್ಮ ಊರಿನಲ್ಲಿ ಮೇ ತಿಂಗಳು 42 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಯಂತ್ರ ಕಾದರೆ ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ತಮ್ಮನ್ನು ಉಳಿಸಿಕೊಳ್ಳಲು ವೇಗ ಇಳಿಸಿಕೊಳ್ಳುತ್ತವೆ. ಡಿಸೆಂಬರಿನ ಮಾರಾಟದಲ್ಲಿ ಕೊಂಡು, ಎರಡು ಗಂಟೆ ನೋಡಿ, ಭೇಷ್ ಎಂದು ಇಟ್ಟುಕೊಂಡ ಗೇಮ್ ಬೇಸಿಗೆ ರಜೆಯಲ್ಲಿ ಮಧ್ಯಾಹ್ನ ಕುಂಟತೊಡಗುತ್ತದೆ. ಇದಕ್ಕೆ ಯಾವ ರಿಫಂಡ್ ನಿಯಮವೂ ಔಷಧವಲ್ಲ. ನಾನು ಈಗ ಚಳಿಗಾಲದಲ್ಲಿ ಪರೀಕ್ಷೆ ಮಾಡುವಾಗ ಫ್ರೇಮ್ ಎಣಿಕೆ ಅಂಚಿನಲ್ಲಿದ್ದರೆ 'ನಪಾಸು' ಎಂದೇ ಹಿಡಿಯುತ್ತೇನೆ. ಕೆಲವು ಕಂಪನಿಗಳು ಇತ್ತೀಚೆಗೆ ಒಳ್ಳೆಯ ಕೆಲಸ ಮಾಡುತ್ತಿವೆ: ಗೇಮ್ ಕೊಳ್ಳದೆಯೇ ಯಂತ್ರವನ್ನು ಅಳೆದು ನೋಡುವ ಬೆಂಚ್‌ಮಾರ್ಕ್ ಉಪಕರಣವನ್ನು ಉಚಿತವಾಗಿ ಕೊಡುತ್ತವೆ. 'ಬ್ಲ್ಯಾಕ್ ಮಿಥ್: ವುಕಾಂಗ್' 2024ರ ಆಗಸ್ಟ್‌ನಲ್ಲಿ, 'ಮಾನ್‌ಸ್ಟರ್ ಹಂಟರ್ ವೈಲ್ಡ್ಸ್' 2025ರ ಫೆಬ್ರವರಿಯಲ್ಲಿ, ಎರಡೂ ಬಿಡುಗಡೆಗೆ ಮೊದಲೇ ಕೊಟ್ಟವು. ಗಡಿಯಾರದ ಗೊಡವೆ ಇಲ್ಲ, ಮಧ್ಯಾಹ್ನ ಎರಡು ಗಂಟೆಗೆ ಕೂಲರ್ ಆರಿಸಿ ಓಡಿಸಿ ನೋಡಬಹುದು. ನೂರು ಟ್ರೇಲರ್‌ಗಿಂತ ಇದು ಮೇಲು.

ಹಣ ವಾಪಸ್ ಬರುವ ವ್ಯವಸ್ಥೆಯ ಬಗ್ಗೆ ನನಗೆ ದೂರಿಲ್ಲ. ಬ್ಯಾಂಕಿಗೆ ಬೇಕೆಂದರೆ ಕೆಲವು ದಿನ ಕಾಯಬೇಕು. ನಾನು ಸ್ಟೀಮ್ ವಾಲೆಟ್‌ಗೇ ಹಾಕಿಸಿಕೊಳ್ಳುತ್ತೇನೆ. ಆದರೆ ಒಮ್ಮೆ ವಾಲೆಟ್‌ಗೆ ಬಂದ ಹಣವನ್ನು ಮತ್ತೆ ನಗದಾಗಿ ತೆಗೆಯಲಾಗದು, ಅಲ್ಲೇ ಖರ್ಚು ಮಾಡಬೇಕು. ಮನೆಯ ಲೆಕ್ಕದ ಹಣದಲ್ಲಿ ಕೊಂಡವರು ಬ್ಯಾಂಕನ್ನೇ ಆರಿಸಿಕೊಳ್ಳಿ. ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ: ಕೊಂಡ ಮರುದಿನವೇ ಅದೇ ಗೇಮ್ ರಿಯಾಯಿತಿಗೆ ಬಂದರೆ, ಹಿಂತಿರುಗಿಸಿ ಕಡಿಮೆ ಬೆಲೆಗೆ ಮತ್ತೆ ಕೊಳ್ಳುವುದನ್ನು ದುರ್ಬಳಕೆ ಎಂದು ಎಣಿಸುವುದಿಲ್ಲ ಎಂದು ವಾಲ್ವ್ ನಿಯಮದಲ್ಲೇ ಬರೆದಿದೆ. ಪುಕ್ಕಟೆ ಗೇಮ್ ಆಡುವ ಉಪಾಯವಾಗಿ ರಿಫಂಡನ್ನು ಬಳಸಿದರೆ ಸೌಲಭ್ಯ ನಿಲ್ಲಿಸಬಹುದು ಎಂದೂ ಅಲ್ಲೇ ಬರೆದಿದೆ.

ಆ ಎಚ್ಚರಿಕೆ ಸುಮ್ಮನೆ ಇಟ್ಟದ್ದಲ್ಲ. 2021ರಲ್ಲಿ 'ಸಮ್ಮರ್ ಆಫ್ 58' ಎಂಬ ಸಣ್ಣ ಭಯಾನಕ ಗೇಮ್ ಬಂತು. ಎರಡು ಗಂಟೆಯೊಳಗೆ ಮುಗಿಯುತ್ತದೆ. ಆಡಿ ಮುಗಿಸಿ, ಕೆಲವರು ಮೆಚ್ಚಿ ನಾಲ್ಕು ಮಾತು ಬರೆದು, ಆಮೇಲೆ ಹಣ ವಾಪಸ್ ಪಡೆದರು. ಅದನ್ನು ಮಾಡಿದ ಎಮಿಕಾ ಗೇಮ್ಸ್ ಇದರಿಂದ ಬೇಸತ್ತು ಗೇಮ್ ತಯಾರಿಕೆಯನ್ನೇ ಅನಿರ್ದಿಷ್ಟ ಕಾಲ ಬಿಡುವುದಾಗಿ ಪ್ರಕಟಿಸಿತು. ನಿಯಮ ಒಡೆದವರು ಯಾರೂ ಇಲ್ಲ, ಆದರೂ ತಿಂದು ಕೈತೊಳೆದು ಬಿಲ್ ಕೊಡದೆ ಎದ್ದ ಹಾಗೆಯೇ. ಸಣ್ಣ ಗೇಮ್‌ಗಳನ್ನು ನಾನು ರಿಫಂಡ್ ಲೆಕ್ಕದಲ್ಲಿ ಕೊಳ್ಳುವುದೇ ಇಲ್ಲ. ಅವುಗಳಿಗೆ ಡೆಮೊ ಇದ್ದರೆ ನೋಡುತ್ತೇನೆ, ಇಲ್ಲದಿದ್ದರೆ ಧೈರ್ಯ ಮಾಡುತ್ತೇನೆ.

ಡೆಮೊ ಹೊಸ ಸಂಗತಿಯಲ್ಲ. 1993ರ ಡಿಸೆಂಬರಿನಲ್ಲಿ 'ಡೂಮ್' ಬಂದಾಗ ಅದರ ಮೊದಲ ಅಧ್ಯಾಯ ಪೂರ್ತಿ ಉಚಿತವಾಗಿತ್ತು. ನಕಲು ಮಾಡಿ ಹಂಚಿ ಎಂದು ಗೇಮ್ ಮಾಡಿದವರೇ ಹೇಳುತ್ತಿದ್ದರು, ಉಳಿದ ಅಧ್ಯಾಯಗಳಿಗೆ ಹಣ. ನಮ್ಮ ಕಡೆ ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಗಳಲ್ಲಿ ಡೆಮೊಗಳಿರುತ್ತಿದ್ದವು. ಪೂರ್ತಿ ಗೇಮ್ ಬೇಕೆಂದರೆ ಅಂಗಡಿಯ ಕಳ್ಳ ಸಿಡಿ, ಅದರ ಜೊತೆಗೊಂದು ವೈರಸ್. ಆಗ ಪುಕ್ಕಟೆ ಪರೀಕ್ಷೆ ಎಂದರೆ ಅದೇ ಆಗಿತ್ತು ಎಂದು ಒಪ್ಪಿಕೊಳ್ಳಲು ನಮ್ಮ ತಲೆಮಾರಿನ ಯಾರೂ ನಾಚಬೇಕಿಲ್ಲ. ದುಡ್ಡು ಕೊಡುತ್ತೇವೆ ಎಂದರೂ ಅಸಲಿ ಮಾಲು ಊರಿನಲ್ಲಿ ಸಿಗುತ್ತಿರಲಿಲ್ಲ.

ಈಗಿನ ಡೆಮೊಗಳಲ್ಲಿ ನನಗೆ ಮೆಚ್ಚುಗೆಯಾಗುವುದು, ಆಡಿದ್ದನ್ನು ಪೂರ್ತಿ ಗೇಮ್‌ಗೆ ಒಯ್ಯಲು ಬಿಡುವಂಥವು. 'ಡ್ರ್ಯಾಗನ್ ಕ್ವೆಸ್ಟ್ 11 ಎಸ್' ಡೆಮೊ ಸುಮಾರು 10 ಗಂಟೆ ಆಡಿಸುತ್ತದೆ. 'ಫೈನಲ್ ಫ್ಯಾಂಟಸಿ 16' ಕೂಡ 2024ರಲ್ಲಿ ಪಿಸಿಗೆ ಬರುವ ಮುನ್ನ ಹೀಗೆಯೇ ಮಾಡಿತು. ಕೊಂಡ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡುವ ಕಿರಿಕಿರಿ ಇಲ್ಲ, ತಯಾರಕನಿಗೂ ಗಿರಾಕಿ ಕೈತಪ್ಪುವುದಿಲ್ಲ. 'ಫ್ಯಾಕ್ಟೋರಿಯೊ' ಮಾಡಿದವರದು ಇನ್ನೂ ಗಟ್ಟಿ ನಿಲುವು: ರಿಯಾಯಿತಿ ಎಂದಿಗೂ ಇಲ್ಲ, ಬೇಕಿದ್ದರೆ ಡೆಮೊ ಆಡಿ, ಹಿಡಿಸಿದರೆ ಪೂರ್ತಿ ಬೆಲೆ ಕೊಡಿ. ನನ್ನ ತಮ್ಮ ಆ ಡೆಮೊಗೆ ಬಿದ್ದು ಊಟಕ್ಕೂ ಕೆಳಗಿಳಿಯದ ದಿನ ಅವ್ವ ಕೇಳಿದಳು, "ಇದು ಪುಕ್ಕಟೆಯದ್ದೇ ಹೀಗಾದರೆ ಹಣ ಕೊಟ್ಟದ್ದು ಹೇಗಿರುತ್ತದೋ?" ಕೊಟ್ಟೆವು. ಹಾಗೆಯೇ ಇದೆ.

ಕೆಟ್ಟ ಬಗೆಯದು ನಿಮಿಷ ಎಣಿಸುವ ಡೆಮೊ. 2021ರಲ್ಲಿ 'ರೆಸಿಡೆಂಟ್ ಈವಿಲ್ ವಿಲೇಜ್' 60 ನಿಮಿಷದ ಮಿತಿ ಹಾಕಿತ್ತು. ಹೆದರಿಸಬೇಕಾದ ಗೇಮ್‌ನಲ್ಲಿ ಭೂತಕ್ಕಿಂತ ಗಡಿಯಾರಕ್ಕೆ ಹೆದರಿ ಓಡಿದರೆ ಏನು ತಿಳಿಯುತ್ತದೆ? ಅದೇ ಕಂಪನಿ 2023ರಲ್ಲಿ 'ರೆಸಿಡೆಂಟ್ ಈವಿಲ್ 4'ರ ಹೊಸ ರೂಪಕ್ಕೆ ಸಮಯದ ಮಿತಿಯೇ ಇಲ್ಲದ ಡೆಮೊ ಕೊಟ್ಟಿತು. ಆ ಡೆಮೊದಲ್ಲಿ ಬರುವ ಹಳ್ಳಿಯನ್ನು ಬೇಕಾದಷ್ಟು ಸಲ ಸುತ್ತಬಹುದಿತ್ತು.

ನೆಕ್ಸ್ಟ್ ಫೆಸ್ಟ್ ಬಗ್ಗೆ ಎರಡು ಮಾತು ಸಾಕು. ಫೆಬ್ರವರಿ, ಜೂನ್, ಅಕ್ಟೋಬರ್‌ಗಳಲ್ಲಿ ಒಂದೊಂದು ವಾರ ನಡೆಯುತ್ತದೆ, ಇನ್ನೂ ಬಿಡುಗಡೆಯಾಗದ ಗೇಮ್‌ಗಳ ಡೆಮೊಗಳು ಸಾವಿರದ ಲೆಕ್ಕದಲ್ಲಿ ಬರುತ್ತವೆ, ಬಹಳಷ್ಟು ಕಸ. ಆದರೆ ಸಣ್ಣ ಗಾತ್ರದ ಚಂದದ ಗೇಮ್‌ಗಳು ನನ್ನ ಹಳೆಯ ಯಂತ್ರಕ್ಕೆ ಹೊಂದುವುದರಿಂದ ಈ ಕಸದಲ್ಲಿ ಕೈಯಾಡಿಸುವುದು ನನಗೆ ಇಷ್ಟ. ವಾರ ಮುಗಿದ ಮೇಲೆ ಹಲವರು ಡೆಮೊ ತೆಗೆದುಹಾಕುತ್ತಾರೆ, ಇಳಿಸಿಕೊಂಡು ಆಮೇಲೆ ನೋಡೋಣ ಎಂದು ಇಟ್ಟರೆ ಸಿಗದೆ ಹೋಗಬಹುದು. 2024ರ ಜುಲೈನಿಂದ ಡೆಮೊಗೆ ಬೇರೆ ಪುಟ, ಬೇರೆ ವಿಮರ್ಶೆ ಇಡಲು ಅವಕಾಶ ಬಂದಿದೆ. ಆ ವಿಮರ್ಶೆಗಳು ಚಿಕ್ಕವು, ಆದರೆ ಹಳೆಯ ಕಾರ್ಡ್ ಇರುವ ನಮ್ಮಂಥವರೂ ಅಲ್ಲಿ ಬರೆಯುವುದರಿಂದ ಉಪಯುಕ್ತ.

ವಾರಾಂತ್ಯದ ಉಚಿತ ಆಟ ನಮ್ಮ ಸಮಯಕ್ಕೆ ಗುರುವಾರ ರಾತ್ರಿ ತೆರೆದುಕೊಳ್ಳುತ್ತದೆ. ನಾಲ್ವರು ಗೆಳೆಯರು ಕೂಡಿ ಆಡುವ ಗೇಮ್‌ಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಒಬ್ಬನೇ ಕೊಂಡು ಉಳಿದವರನ್ನು ಕಾಯುವ ಪಾಡು ತಪ್ಪುತ್ತದೆ.

ಪ್ಲೇಸ್ಟೇಷನ್ ಇರುವ ನನ್ನ ಸೋದರಮಾವನ ಮಗನ ಅನುಭವ ಬೇರೆ. ಅಲ್ಲಿ ಗೇಮ್ ಟ್ರಯಲ್ ಸಿಗುವುದು ಪ್ಲೇಸ್ಟೇಷನ್‌ನ ಚಂದಾ ಸೇವೆಯಾದ ಪಿಎಸ್ ಪ್ಲಸ್‌ನ ಅತಿ ದುಬಾರಿಯಾದ ಡಿಲಕ್ಸ್ ಚಂದಾದಾರರಿಗೆ ಮಾತ್ರ. 'ಸೈಬರ್‌ಪಂಕ್ 2077' 5 ಗಂಟೆ ಆಡಲು ಕೊಟ್ಟಿದ್ದರು, ಆಡಿದ್ದು ಉಳಿಯುತ್ತದೆ, ಎಲ್ಲ ಸರಿ. ಆದರೆ ರುಚಿ ನೋಡಲು ಮೊದಲು ಚಂದಾ ಕಟ್ಟಬೇಕು ಎಂದರೆ ಅದನ್ನು ಉಚಿತ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಫುಟ್‌ಬಾಲ್ ಗೇಮ್‌ನದೂ ಅದೇ ಹಾದಿ. ಪ್ರತಿ ವರ್ಷ ಬಿಡುಗಡೆಗೆ ಮುನ್ನ ಬರುತ್ತಿದ್ದ ಫಿಫಾ ಡೆಮೊ 2020ರ 'ಫಿಫಾ 21'ರಿಂದ ನಿಂತುಹೋಯಿತು. ಈಗ ಅದನ್ನು ಮಾಡುವ ಇಎ ಕಂಪನಿಯ 'ಇಎ ಪ್ಲೇ' ಚಂದಾ ಕಟ್ಟಿದವರಿಗೆ ಹೊಸ ಗೇಮ್‌ನ 10 ಗಂಟೆಯ ಆಟ ಸಿಗುತ್ತದೆ. ಮಾವನ ಮಗ ಪ್ರತಿ ಸೆಪ್ಟೆಂಬರಿನಲ್ಲಿ ಒಂದೇ ತಿಂಗಳ ಚಂದಾ ಕಟ್ಟಿ, ಹತ್ತು ಗಂಟೆಯನ್ನು ಮೂರು ರಾತ್ರಿಗೆ ಹಂಚಿಕೊಂಡು ಆಡಿ, ಕಳೆದ ವರ್ಷದ್ದಕ್ಕೂ ಇದಕ್ಕೂ ಅಂಗಿಯ ಬಣ್ಣ ಬಿಟ್ಟರೆ ವ್ಯತ್ಯಾಸವಿಲ್ಲ ಎಂದು ಬೈದು, ಚಂದಾ ತಾನಾಗಿ ಮುಂದುವರಿಯದಂತೆ ಅಂದೇ ರದ್ದು ಮಾಡುತ್ತಾನೆ. ದೀಪಾವಳಿಗೆ ರಿಯಾಯಿತಿ ಬಂದಾಗ ಅದನ್ನೇ ಕೊಳ್ಳುತ್ತಾನೆ.