ವೆಟ್ ವೆಟ್ ವೆಟ್ ಕೇಳೋದಾ, ಟೆಕ್ಸಾಸ್ ಕೇಳೋದಾ?

ಸ್ಕಾಟ್ಲೆಂಡಿನ ಪಾಪ್ ರಾಕ್ ಯಾರಿಂದ ಶುರು ಮಾಡಲಿ ಅಂತ ಕೇಳಿದಿರಲ್ವಾ? ಚಾರ್ಟ್ (ವಾರವಾರದ ಹಾಡುಗಳ ಮಾರಾಟದ ಪಟ್ಟಿ) ಲೆಕ್ಕದಲ್ಲಿ ಕ್ಲೈಡ್‌ಬ್ಯಾಂಕ್‌ನ ವೆಟ್ ವೆಟ್ ವೆಟ್ ತಂಡ ಮುಂದಿದೆ. ಬ್ರಿಟನ್ನಿನಲ್ಲಿ ಇವರ ಮೂರು ಹಾಡು ನಂಬರ್ 1 ಆಗಿವೆ. 1994ರಲ್ಲಿ ‘ಲವ್ ಈಸ್ ಆಲ್ ಅರೌಂಡ್’ ಸತತ 15 ವಾರ ಅಲ್ಲೇ ಕೂತಿತ್ತು. ಕೊನೆಗೆ ತಂಡದವರೇ ಅದರ ಮಾರಾಟ ನಿಲ್ಲಿಸಿದರು! ಆದರೆ ಅದು ಟ್ರಾಗ್ಸ್ ತಂಡದ ಹಳೆಯ ಹಾಡು. ಸ್ವಂತ ರಚನೆಯೇ ಬೇಕಿದ್ದರೆ 1992ರ ‘ಗುಡ್‌ನೈಟ್ ಗರ್ಲ್’ ಕೇಳಿ. ಗಾಯಕ ಮಾರ್ಟಿ ಪೆಲ್ಲೊ ದನಿ ಬೆಣ್ಣೆಯ ಹಾಗೆ ಜಾರುತ್ತದೆ.

ಗ್ಲಾಸ್ಗೋದ ಟೆಕ್ಸಾಸ್ ತಂಡಕ್ಕೆ ಬ್ರಿಟನ್ನಿನಲ್ಲಿ ನಂಬರ್ 1 ಸಿಂಗಲ್ (ಬಿಡಿ ಹಾಡು) ಸಿಗಲಿಲ್ಲ. ಇವರ ಬಲ ಆಲ್ಬಂಗಳಲ್ಲಿದೆ. 1997ರ ‘ವೈಟ್ ಆನ್ ಬ್ಲಾಂಡ್’ ನಂಬರ್ 1 ಆಯಿತು. ಗಾಯಕಿ ಶಾರ್ಲೀನ್ ಸ್ಪಿಟೆರಿ ದನಿಯಲ್ಲಿ ಸೋಲ್ (ಅಮೆರಿಕದ ಕಪ್ಪು ಜನರ ಭಾವತುಂಬಿದ ಹಾಡುಗಾರಿಕೆ) ಸಂಗೀತದ ಗುಂಗು ಜಾಸ್ತಿ.

ಸುಮ್ನೆ ಒಂದೆರಡು ಪ್ರೇಮಗೀತೆ ಸಾಕೆಂದರೆ ವೆಟ್ ವೆಟ್ ವೆಟ್. ಇಡೀ ಆಲ್ಬಂ ಕೂತು ಕೇಳುವವರಿಗೆ ಟೆಕ್ಸಾಸ್.