ತಿಂಗಳಿಗೆ ಎಂಟು ಲೋಡ್ ಗ್ಯಾರಂಟಿ ಅಂದರೆ ತಕ್ಷಣ ಹೂಂ ಅನ್ನಬೇಡಿ

ಮಂಗಳೂರಿನ ಬೈಕಂಪಾಡಿಯಿಂದ ಬೆಂಗಳೂರು ಹತ್ತಿರದ ನೆಲಮಂಗಲಕ್ಕೆ ಎಣ್ಣೆ ಡಬ್ಬ. ಟನ್ನಿಗೆ 1,100 ರೂಪಾಯಿ ಬಾಡಿಗೆ, ತಿಂಗಳಿಗೆ ಎಂಟು ಲೋಡ್ ಗ್ಯಾರಂಟಿ, ರಿಟರ್ನ್ ಲೋಡೂ ನಾವೇ ಕೊಡುತ್ತೇವೆ. 2024ರ ಮೇ ತಿಂಗಳಲ್ಲಿ ನಾನು ಬಿದ್ದದ್ದು ಲೋಡ್ ಕೊಡಿಸುವ ಒಬ್ಬ ಏಜೆಂಟನ ಈ ಮಾತಿಗೆ. ಇಂಥದ್ದೇ ಮಾತು ಈಗ ಮತ್ತೆ ಓಡಾಡುತ್ತಿದೆ ಎಂದು ಮೊನ್ನೆ ಟಯರ್ ಅಂಗಡಿಯಲ್ಲಿ ಕೇಳಿದೆ. ಸಾಲ ಮಾಡಿ ಗಾಡಿ ತೆಗೆದು ತಾವೇ ಓಡಿಸುವವರು ಹೂಂ ಅನ್ನುವ ಮೊದಲು ಇದನ್ನು ಓದಿ.

ನನ್ನದು ಸೆಕೆಂಡ್ ಹ್ಯಾಂಡ್ ಹತ್ತು ಚಕ್ರದ ಲಾರಿ. ಕ್ಲೀನರ್ ಇಲ್ಲ, ಓನರೂ ನಾನೇ, ಡ್ರೈವರೂ ನಾನೇ. ತಿಂಗಳಿಗೆ 34,000 ಕಂತು. ಬಂದರಿನ ಕೆಲಸ ಆಗ ಸ್ವಲ್ಪ ತಣ್ಣಗಿತ್ತು. ನಾನು ರೇಟ್ ಕಡಿಮೆಯಾಯಿತಲ್ಲ ಎಂದೆ. ಏಜೆಂಟ್ ನಕ್ಕ. "ಎಂತ ಮಾರಾಯ್ರೆ, ಗಾಡಿ ಸುಮ್ನೆ ನಿಂತ್ರೆ ತುಕ್ಕು ಹಿಡೀತದೆ ಅಲ್ವಾ? ಇದು ಪರ್ಮನೆಂಟ್ ಕೆಲಸ."

ನಾನು ಅಲ್ಲೇ ಸಿಗರೇಟ್ ಪ್ಯಾಕಿನ ಹಿಂದೆ ಲೆಕ್ಕ ಹಾಕಿದೆ. 18 ಟನ್ನಿಗೆ 19,800. ಹೋಗುವಾಗ ಘಾಟಿ ಹತ್ತಬೇಕು, ನೂರು ಲೀಟರ್ ಡೀಸೆಲ್. ಖಾಲಿ ಬರಲು 66 ಲೀಟರ್. ಆಗ ಲೀಟರಿಗೆ 85ರ ಹತ್ತಿರ ಇತ್ತು, ಒಟ್ಟು 14,100. ಎರಡೂ ಕಡೆ ಟೋಲ್ 2,100. ಊಟ, ಟಾರ್ಪಲ್, ಹಗ್ಗ, ಹಮಾಲರ ಚಹಾದ ಕಾಸು ಎಲ್ಲ ಸೇರಿ 2,000. ಉಳಿಯುವುದು 1,600. ಬಹಳ ಕಡಿಮೆ, ನಿಜ. ಆದರೆ ರಿಟರ್ನ್ ಲೋಡ್ ಸಿಕ್ಕರೆ ಕಮಿಷನ್, ಜಾಸ್ತಿ ಡೀಸೆಲ್ ಕಳೆದು ಇನ್ನೂ ಹತ್ತು ಸಾವಿರ ಬರುತ್ತದೆ. ಎಂಟು ಟ್ರಿಪ್ಪಿಗೆ ತೊಂಬತ್ತು ಸಾವಿರ! ತಲೆ ತಿರುಗಿತು.

ಮೊದಲ ಎರಡು ಟ್ರಿಪ್ಪಿಗೆ ರಿಟರ್ನ್ ಸಿಕ್ಕಿತು. ಮೂರನೆಯದಕ್ಕೆ "ನಾಳೆ ಬೆಳಿಗ್ಗೆ" ಅಂದರು. ನೆಲಮಂಗಲದಲ್ಲಿ ಎರಡು ದಿನ ಮಲಗಿ ಕೊನೆಗೆ ಖಾಲಿ ಬಂದೆ. ಗೋಡೌನಿನಲ್ಲಿ ಜಾಗ ಇಲ್ಲವೆಂದು ಅನ್‌ಲೋಡ್ ಮಾಡದೆ ನಿಲ್ಲಿಸಿದ್ದು ಬೇರೆ. ಹಾಲ್ಟಿಂಗ್, ಅಂದರೆ ಗಾಡಿ ನಿಂತ ದಿನದ ದುಡ್ಡು, ಕೇಳಿದರೆ "ಅದು ಪಾರ್ಟಿಯವರ ಹತ್ತಿರ ಮಾತಾಡಬೇಕು" ಎಂಬ ಉತ್ತರ. ಜೂನ್ ತಿಂಗಳಲ್ಲಿ ರಾಜ್ಯ ಸರ್ಕಾರ ತೆರಿಗೆ ಏರಿಸಿ ಡೀಸೆಲ್ ಲೀಟರಿಗೆ 3 ರೂಪಾಯಿ ಮೇಲೆ ಹೋಯಿತು. ಟ್ರಿಪ್ಪಿಗೆ 500 ಹೋಯಿತು ಎಂದೇ ಲೆಕ್ಕ. ರೇಟ್ ಮಾತ್ರ ಅದೇ 1,100. ಡೀಸೆಲ್ ಏರಿದರೆ ಬಾಡಿಗೆ ಏರಬೇಕು ಎಂದು ನಾನು ಮೊದಲೇ ಮಾತಾಡಿರಲಿಲ್ಲ. (2025ರ ಏಪ್ರಿಲ್ 1ಕ್ಕೆ ಮತ್ತೆ 2 ರೂಪಾಯಿ ಏರಿತು. ಅಷ್ಟು ಹೊತ್ತಿಗೆ ಪುಣ್ಯಕ್ಕೆ ನಾನು ಅಲ್ಲಿರಲಿಲ್ಲ.)

ಜೂನಿನಲ್ಲಿ ಎಂಟಲ್ಲ, ಆರು ಟ್ರಿಪ್ ಆಯಿತು. ರಿಟರ್ನ್ ಎರಡಕ್ಕೆ ಮಾತ್ರ. ಕೈಯಲ್ಲಿ ಉಳಿದದ್ದು 26,500. ಕಂತಿಗೇ ಸಾಲಲಿಲ್ಲ, ಹೆಂಡತಿಯ ಬೀಡಿ ದುಡ್ಡು ಸೇರಿಸಿ ಕಟ್ಟಿದೆ.

ಜುಲೈಯಲ್ಲಿ ಚನ್ನರಾಯಪಟ್ಟಣದ ಹತ್ತಿರ ಹಿಂದಿನ ಟಯರ್ ಒಡೆಯಿತು. ಹೊಸದಕ್ಕೆ 22,000. ಮನೆಗೆ ಬಂದು ಪುಸ್ತಕ ತೆಗೆದು ಕೂತಾಗ ಹೆಂಡತಿ ಇಣುಕಿ ನೋಡಿ ಕೇಳಿದಳು, "ಇದರಲ್ಲಿ ಟಯರಿಂದು ಎಲ್ಲಿ ಉಂಟು?" ಅವಳು ಬೀಡಿಯ ಎಲೆ, ಹೊಗೆಸೊಪ್ಪು ತೂಕ ಸಮೇತ ಬರೆದಿಡುವವಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ರಾತ್ರಿ ಇಬ್ಬರೂ ಕೂತು ಸರಿಯಾಗಿ ಬರೆದೆವು. ಹತ್ತು ಟಯರಿಗೆ 2,20,000, ಓಡುವುದು ಹೆಚ್ಚೆಂದರೆ 60,000 ಕಿಲೋಮೀಟರ್. ಹೋಗಿ ಬರುವ 660 ಕಿಲೋಮೀಟರಿಗೆ ಟಯರ್ ಸವೆತವೇ 2,400. ಅಂದರೆ ಖಾಲಿ ಬಂದ ಪ್ರತಿ ಟ್ರಿಪ್ಪಿನಲ್ಲೂ ನಾನು "ಉಳಿಯಿತು" ಎಂದು ತಿಂದದ್ದು ನನ್ನದೇ ಟಯರನ್ನು. ಕಂತು, ಇನ್ಶೂರೆನ್ಸ್, ಎಫ್‌ಸಿ (ಗಾಡಿಯ ಫಿಟ್ನೆಸ್ ಸರ್ಟಿಫಿಕೇಟ್), ಪರ್ಮಿಟ್, ಟ್ಯಾಕ್ಸ್ ಸೇರಿಸಿ 25 ದಿನಕ್ಕೆ ಭಾಗಿಸಿದರೆ ದಿನಕ್ಕೆ 1,650. ಗಾಡಿ ನೆಲಮಂಗಲದಲ್ಲಿ ಸುಮ್ನೆ ನಿಂತಿದ್ದರೂ ಇದು ಓಡುತ್ತಲೇ ಇರುತ್ತದೆ. ಡ್ರೈವರ್ ಇಟ್ಟರೆ ಸಂಬಳ ಕೊಡುತ್ತಿರಲಿಲ್ಲವೇ? ನನಗೂ ದಿನಕ್ಕೆ 1,000 ಹಾಕಿದೆವು. ಮೂರು ದಿನದ ಒಂದು ಟ್ರಿಪ್ಪಿಗೆ ಒಟ್ಟು 29,000 ಖರ್ಚು ಬಂತು. ಖಾಲಿ ಬರುವುದಾದರೆ ಟನ್ನಿಗೆ 1,600 ಬೇಕು. 1,100 ಎನ್ನುವುದು ರಿಟರ್ನ್ ಲೋಡನ್ನು ಆಗಲೇ ಲೆಕ್ಕಕ್ಕೆ ಸೇರಿಸಿ ಮಾಡಿದ ರೇಟ್. ಅದು ಏಜೆಂಟಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ, ಅಷ್ಟೇ.

ಅವನಿಗೆ ಹೇಳಿದೆ. "ಹಾಗಾದ್ರೆ ನಾಲ್ಕು ಟನ್ ಜಾಸ್ತಿ ಹಾಕಿ, ಸರಿ ಹೋಗ್ತದೆ" ಅಂದ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಓವರ್‌ಲೋಡಿಗೆ ದಂಡ 20,000, ಮೇಲೆ ಟನ್ನಿಗೆ 2,000. ನಾಲ್ಕು ಟನ್ನಿಗೆ ಸಿಗುವುದು 4,400. ದಂಡ ಕಟ್ಟುವವನು ಏಜೆಂಟ್ ಅಲ್ಲ.

ಆದರೂ ಬಿಡಲಿಲ್ಲ ನೋಡಿ, ಆಸೆ. ಜುಲೈ ಕೊನೆಗೆ ಇನ್ನೊಂದು ಲೋಡ್ ಹಾಕಿಕೊಂಡು ಹೊರಟೆ. ಸಕಲೇಶಪುರದ ದೊಡ್ಡತಪ್ಪಲು ಬಳಿ ಗುಡ್ಡ ಜರಿದು ಶಿರಾಡಿ ಘಾಟಿ ಬಂದ್. ಘಾಟಿಯ ಕೆಳಗಿನ ಗುಂಡ್ಯದಲ್ಲಿ ಲಾರಿಗಳ ಸಾಲಿನಲ್ಲಿ ಎರಡು ರಾತ್ರಿ. ಮಳೆಯ ನೀರು ಟಾರ್ಪಲಿನ ಗುಳಿಯಲ್ಲಿ ತುಂಬುತ್ತಿತ್ತು, ಗಂಟೆಗೊಮ್ಮೆ ಹತ್ತಿ ಕೋಲಿನಿಂದ ಎತ್ತಿ ಚೆಲ್ಲುವುದೇ ಕೆಲಸ. ಹಾಲ್ಟಿಂಗ್ ಕೇಳಿದೆ. "ದೇವರು ಮಾಡಿದ್ದಕ್ಕೆ ನಾವೆಂತ ಮಾಡುದು?" ಅಂದ. ಅದೂ ಸಾಲದೆ ಎರಡು ಡಬ್ಬ ಸೋರಿದ್ದಕ್ಕೆ ಬಾಡಿಗೆಯಲ್ಲಿ ಹಿಡಿದ. ಅಲ್ಲಿಗೆ ನಿಲ್ಲಿಸಿದೆ.

ಟನ್ನಿಗೆ 1,600 ಯಾರೂ ಕೊಡುವುದಿಲ್ಲ, ನನಗೂ ಗೊತ್ತು. ಅದಕ್ಕೇ ಈಗ ವಾಪಸ್ ಲೋಡ್ ಯಾರದ್ದು, ಯಾವ ದಿನ ಎಂದು ಆ ಕಡೆಯವರ ಹತ್ತಿರ ನಾನೇ ಮಾತಾಡದೆ ಘಾಟಿ ಹತ್ತುವುದಿಲ್ಲ. ಎರಡನೇ ದಿನದಿಂದ ಹಾಲ್ಟಿಂಗ್ ಎಷ್ಟು, ಡೀಸೆಲ್ ಏರಿದರೆ ಎಷ್ಟು ಎಂದು ವಾಟ್ಸಾಪಿನಲ್ಲಿ ಬರೆಸಿಕೊಳ್ಳುತ್ತೇನೆ. ಬರೆಯಲು ಹಿಂಜರಿಯುವವರ ಲೋಡ್ ಬೇಡ. ಅಂಥ ದಿನ ಬಂದರಿನಿಂದ ಪಡುಬಿದ್ರಿ, ಕುಂದಾಪುರ ಎಂದು ಹತ್ತಿರದ ಬಾಡಿಗೆ ಹೊಡೆದು ರಾತ್ರಿ ಮನೆಗೆ ಬರುತ್ತೇನೆ. ಇನ್ನೊಂದು ಸಂಗತಿ: ಹತ್ತಕ್ಕಿಂತ ಜಾಸ್ತಿ ಗಾಡಿ ಇಲ್ಲದವರು ಪ್ಯಾನ್ ಜೊತೆ ಡಿಕ್ಲರೇಷನ್ ಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಹಿಡಿಯುವ ಹಾಗಿಲ್ಲ. ನನ್ನದು ಹಿಡಿದಿದ್ದರು.

ಕೊನೆಯ ಎರಡು ಟ್ರಿಪ್ಪಿನ ಬ್ಯಾಲೆನ್ಸ್ 7,900 ಇವತ್ತಿನವರೆಗೂ ಬಂದಿಲ್ಲ. ಸಹಿ, ಸೀಲ್ ಆದ ಪಿಒಡಿ, ಅಂದರೆ ಸರಕು ತಲುಪಿದ್ದಕ್ಕೆ ರಸೀದಿ, ಸಿಗುತ್ತಿಲ್ಲ ಅನ್ನುತ್ತಾನೆ ಏಜೆಂಟ್. ಅವನ ಟೇಬಲ್ ಮೇಲೆ ನಾನೇ ಇಟ್ಟು ಬಂದದ್ದು. ಫೋಟೋ ತೆಗೆದಿರಲಿಲ್ಲ. ಸೀಲ್ ಒತ್ತಿದ ಕೂಡಲೇ, ಗೋಡೌನಿನ ಗೇಟ್ ದಾಟುವ ಮೊದಲೇ, ಒಂದು ಫೋಟೋ ಹೊಡೆದುಕೊಳ್ಳಿ.